ಅರವತ್ತರ ಕೋಟು ತೊಟ್ಟ ಹುಡುಗ

1963ರ ಜನವರಿ 12, ಶನಿವಾರ ರಾತ್ರಿ. ಅಮೆರಿಕದ ಮಯಾಮಿಯಲ್ಲಿ ಹಾರ್ಲೆಮ್ ಸ್ಕ್ವೇರ್ ಕ್ಲಬ್ ಎಂಬ ಕಪ್ಪು ಜನರ ನೈಟ್‌ಕ್ಲಬ್ಬಿನಲ್ಲಿ ಸೋಲ್ ಗಾಯಕ ಸ್ಯಾಮ್ ಕುಕ್ ಹಾಡಿದರು. ಲೈವ್ ಆಲ್ಬಮ್ ಮಾಡುವ ಇರಾದೆಯಿಂದ ಆರ್‌ಸಿಎ ಕಂಪನಿ ಅದನ್ನು ಟೇಪಿಗೆ ಇಳಿಸಿಕೊಂಡಿತು. ಕೇಳಿ ನೋಡಿದ ಮೇಲೆ ಮನಸ್ಸು ಬದಲಾಯಿಸಿತು. ರೇಡಿಯೋದಲ್ಲಿ ಒಂದು ಸ್ವರವೂ ಸುಕ್ಕಾಗದಂತೆ ಹಾಡುತ್ತಿದ್ದ ಮನುಷ್ಯ ಇಲ್ಲಿ ಗಂಟಲು ಒಡೆಯುವಂತೆ ಹಾಡಿದ್ದರು. ಜನ ಕೂಗುತ್ತಿದ್ದರು, ಅವರು ಜನರನ್ನು ಇನ್ನಷ್ಟು ಕೂಗಿಸುತ್ತಿದ್ದರು. ಬಿಳಿಯರ ಮನೆಗಳಲ್ಲೂ ಚೆನ್ನಾಗಿ ಖರ್ಚಾಗುತ್ತಿದ್ದ ಗಾಯಕನಿಗೆ ಈ ಒರಟುತನ ಒಗ್ಗದೆಂದು ಟೇಪು ಕಪಾಟು ಸೇರಿತು. ಮರುವರ್ಷ ಬಿಡುಗಡೆಯಾದದ್ದು ನ್ಯೂಯಾರ್ಕಿನ ಕೋಪಾಕಬಾನಾ ಕ್ಲಬ್ಬಿನಲ್ಲಿ, ಸೂಟುಬೂಟಿನ ಶ್ರೋತೃಗಳ ಮುಂದೆ ನಡೆದ ಶಿಸ್ತಿನ ಕಛೇರಿ. ಮಯಾಮಿಯ ಟೇಪು ಹೊರಬಂದದ್ದು 1985ರಲ್ಲಿ. ಅಷ್ಟು ಹೊತ್ತಿಗೆ ಕುಕ್ ತೀರಿಕೊಂಡು ಇಪ್ಪತ್ತು ವರ್ಷ ದಾಟಿತ್ತು.

ಈ ಹಳೆಯ ಸಂಗತಿಯನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. 2015ರ ಜೂನ್ 23ರಂದು ಟೆಕ್ಸಾಸಿನ 25 ವರ್ಷದ ಗಾಯಕನೊಬ್ಬನ ಚೊಚ್ಚಲ ಆಲ್ಬಮ್ ಬಂತು. ಗಾಯಕ ಲಿಯಾನ್ ಬ್ರಿಜಸ್, ಆಲ್ಬಮ್ 'ಕಮಿಂಗ್ ಹೋಮ್', ಹೊರತಂದವರು ಕೊಲಂಬಿಯಾ ರೆಕಾರ್ಡ್ಸ್. ಅದರ ಬಗ್ಗೆ ಬಂದ ಬರಹಗಳಲ್ಲಿ ಸ್ಯಾಮ್ ಕುಕ್ ಹೆಸರಿಲ್ಲದ ಒಂದನ್ನು ಹುಡುಕುವುದೇ ಕಷ್ಟ. ಹೊಗಳಿದವರು ಕುಕ್ ಮತ್ತೆ ಹುಟ್ಟಿಬಂದರು ಎಂಬ ಧಾಟಿಯಲ್ಲಿ ಹೊಗಳಿದರು. ಮೂಗು ಮುರಿದವರು ಇದು ಕುಕ್ ಅವರ ನಕಲು ಎಂದು ಮೂಗು ಮುರಿದರು. ಎರಡು ಗುಂಪಿನವರೂ ಅಳತೆಗೋಲಾಗಿ ಹಿಡಿದದ್ದು ಕೋಪಾಕಬಾನಾದ ಕುಕ್ ಅವರನ್ನು. ಹಾರ್ಲೆಮ್ ಸ್ಕ್ವೇರಿನ ಕುಕ್ ಯಾರ ಲೆಕ್ಕಕ್ಕೂ ಬರಲಿಲ್ಲ. ಈ ಆಲ್ಬಮ್ಮಿನ ನಿಜವಾದ ಗುಣವಾಗಲಿ, ನಿಜವಾದ ಕೊರತೆಯಾಗಲಿ ಆಗ ಸರಿಯಾಗಿ ಚರ್ಚೆಯಾಗದೆ ಉಳಿದದ್ದು ಇದರಿಂದಲೇ ಎಂದು ನನಗನಿಸುತ್ತದೆ.

ಸೋಲ್ ಸಂಗೀತದ ಪರಿಚಯವಿಲ್ಲದವರಿಗೆ ಒಂದೆರಡು ಮಾತು. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಹಾಡುವ ಭಕ್ತಿಗೀತೆಗಳಿಗೆ ಗಾಸ್ಪೆಲ್ ಎನ್ನುತ್ತಾರೆ. ಒಬ್ಬರು ಎತ್ತಿಕೊಡುವುದು, ಉಳಿದವರು ಸೊಲ್ಲು ಸೇರಿಸುವುದು, ಭಾವ ಏರಿದ ಹಾಗೆ ಮಾತು ಕರಗಿ ಬರೀ ಕೂಗಾಗುವುದು ಅದರ ರೀತಿ. ಐವತ್ತರ ದಶಕದಲ್ಲಿ ರೇ ಚಾರ್ಲ್ಸ್‌ರಂಥವರು ಇದೇ ಮಟ್ಟುಗಳಲ್ಲಿ ದೇವರ ಜಾಗದಲ್ಲಿ ಪ್ರೇಯಸಿಯನ್ನು ಕೂರಿಸಿದರು. ಚರ್ಚಿನ ಹಿರಿಯರು ಕೆಂಡವಾದರು. ಸೋಲ್ ಸ್ಟಿರರ್ಸ್ ಎಂಬ ಗಾಸ್ಪೆಲ್ ತಂಡದ ಕಣ್ಮಣಿಯಾಗಿದ್ದ ಕುಕ್ 1957ರಲ್ಲಿ ಆ ಗೆರೆ ದಾಟಿ ಬಂದರು, ಅದೇ ವರ್ಷ ಅವರ ಪ್ರೇಮಗೀತೆ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆಮೇಲೆ ಡೆಟ್ರಾಯಿಟಿನ ಮೋಟೌನ್, ಮೆಂಫಿಸ್ಸಿನಲ್ಲಿ ಹಳೆಯ ಸಿನಿಮಾ ಮಂದಿರವನ್ನೇ ಸ್ಟುಡಿಯೋ ಮಾಡಿಕೊಂಡ ಸ್ಟ್ಯಾಕ್ಸ್, ಅಲಬಾಮಾದ ಮಸಲ್ ಶೋಲ್ಸ್, ಹೀಗೆ ಊರಿಗೊಂದು ಸೋಲ್ ಬಾನಿ ಹುಟ್ಟಿತು. ಎಪ್ಪತ್ತರ ಕೊನೆಗೆ ಡಿಸ್ಕೊ, ಎಂಬತ್ತರಲ್ಲಿ ಸಿಂಥಸೈಜರ್, ಆಮೇಲೆ ಹಿಪ್‌ಹಾಪ್ ಬಂದು ಈ ನಾದ ಹಿಂದೆ ಸರಿಯಿತು. ಅದನ್ನು ಹಳೆಯ ವಾದ್ಯ, ಹಳೆಯ ಮೈಕು, ಹಳೆಯ ಉಡುಪಿನ ಸಮೇತ ಮರಳಿ ತರುವುದಕ್ಕೆ 'ರೆಟ್ರೋ ಸೋಲ್' ಎಂಬ ಹೆಸರು ಬಿದ್ದದ್ದು ಈ ಶತಮಾನದ ಮೊದಲ ದಶಕದಲ್ಲಿ.

ಬ್ರಿಜಸ್ ಅವರ ಕಥೆ ಪತ್ರಿಕೆಗಳಿಗೆ ಹೇಳಿ ಮಾಡಿಸಿದಂತಿತ್ತು. ಹುಟ್ಟು ಹೆಸರು ಟಾಡ್ ಮೈಕಲ್ ಬ್ರಿಜಸ್. 1989ರಲ್ಲಿ ಅಟ್ಲಾಂಟದಲ್ಲಿ ಹುಟ್ಟಿ ಬೆಳೆದದ್ದು ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ. ಓದಿದ್ದು ಸ್ಥಳೀಯ ಕಾಲೇಜಿನಲ್ಲಿ ನೃತ್ಯ. ಹೊಟ್ಟೆಪಾಡಿಗೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ, ಸಂಜೆ ಊರಿನ ಸಣ್ಣಪುಟ್ಟ ಜಾಗಗಳಲ್ಲಿ ಗಿಟಾರ್ ಹಿಡಿದು ಹಾಡು. ಹೀಗಿರುವಾಗ ವೈಟ್ ಡೆನಿಮ್ ಎಂಬ ರಾಕ್ ತಂಡದ ಗಿಟಾರ್ ವಾದಕ ಆಸ್ಟಿನ್ ಜೆಂಕಿನ್ಸ್ ಪರಿಚಯವಾದರು. ಮಾತು ಶುರುವಾದದ್ದು ಸಂಗೀತದಿಂದಲ್ಲ, ಹುಡುಗ ತೊಟ್ಟಿದ್ದ ಹಳೇ ಕಾಲದ ಪ್ಯಾಂಟಿನಿಂದ. ಜೆಂಕಿನ್ಸ್ ಮತ್ತು ಅದೇ ತಂಡದ ಡ್ರಮ್ಮರ್ ಜಾಶುವಾ ಬ್ಲಾಕ್ ಆಗಷ್ಟೇ ಹಳೆಯ ಧ್ವನಿಮುದ್ರಣ ಸಲಕರಣೆಗಳನ್ನು ಗುಡ್ಡೆ ಹಾಕಿಕೊಂಡು ಫೋರ್ಟ್ ವರ್ತ್‌ನಲ್ಲಿ ಸ್ಟುಡಿಯೋ ಕಟ್ಟುವ ಹುಚ್ಚಿನಲ್ಲಿದ್ದರು. ಅಲ್ಲಿ ಮಾಡಿದ ಎರಡು ಹಾಡು 2014ರ ಕೊನೆಗೆ ಇಂಟರ್ನೆಟ್ಟಿಗೆ ಬಿದ್ದವು. ಕೆಲವೇ ವಾರಗಳಲ್ಲಿ ದೊಡ್ಡ ದೊಡ್ಡ ಕಂಪನಿಗಳು ಬಾಗಿಲಲ್ಲಿ ನಿಂತಿದ್ದವು.

ಈ ಕಥೆಯ ಒಂದು ಎಳೆಯನ್ನು ಪತ್ರಿಕೆಗಳು ಬೆರಗಿನಿಂದ ಬರೆದು ಅಲ್ಲೇ ಬಿಟ್ಟವು. ಬ್ರಿಜಸ್ ಸ್ಯಾಮ್ ಕುಕ್ ಅವರನ್ನು ಕೇಳಿ ಬೆಳೆದವರಲ್ಲ. ಹುಡುಗನಾಗಿದ್ದಾಗ ಕಿವಿಗೆ ಬಿದ್ದದ್ದು ತೊಂಬತ್ತರ ದಶಕದ ಆರ್ ಆ್ಯಂಡ್ ಬಿ, ಗಿನುವೈನ್ ಮತ್ತು ಅಷರ್ ಅವರಂಥವರ ಹಾಡು. ತಾಯಿಯ ಬದುಕನ್ನು ಕುರಿತು 'ಲೀಸಾ ಸಾಯರ್' ಎಂಬ ಹಾಡು ಕಟ್ಟಿ ಹಾಡಿದಾಗ ಕೇಳಿದವರೊಬ್ಬರು, ನಿಮಗೆ ಸ್ಯಾಮ್ ಕುಕ್ ಸ್ಫೂರ್ತಿಯೇ ಎಂದರಂತೆ. ಯಾರದು ಎಂದು ಹುಡುಕಿಕೊಂಡು ಹೋಗಿ ಕೇಳಿದ್ದು ಆಮೇಲೆ. ಅಂದರೆ ಈ ನಾದ ಅವರಿಗೆ ಮನೆತನದಿಂದ ಬಂದ ಆಸ್ತಿಯಲ್ಲ, ಬೆಳೆದ ಮೇಲೆ ಹುಡುಕಿ ಕಲಿತ ವಿದ್ಯೆ. 'ಮನೆಗೆ ಮರಳುವುದು' ಎಂಬ ಅರ್ಥದ ಹೆಸರಿರುವ ಆಲ್ಬಮ್ಮಿನಲ್ಲಿ ಗಾಯಕ ಮರಳುತ್ತಿರುವುದು ತಾನು ಹಿಂದೆಂದೂ ಇರದಿದ್ದ ಮನೆಗೆ.

ಹತ್ತು ಹಾಡು, ಅರ್ಧ ಗಂಟೆಯ ಮೇಲೆ ಒಂದಿಷ್ಟು ನಿಮಿಷ, ಅರವತ್ತರ ದಶಕದ ಎಲ್‌ಪಿಯ ಅಳತೆಯೇ. ಮುದ್ರಿಸಿದ ಕ್ರಮವೂ ಹಾಗೇ. ಇವತ್ತು ಸಾಮಾನ್ಯವಾಗಿ ಡ್ರಮ್ಸ್ ಒಂದು ದಿನ, ಗಿಟಾರ್ ಇನ್ನೊಂದು ದಿನ, ಕಂಠ ಮತ್ತೊಂದು ಊರಿನಲ್ಲಿ ರೆಕಾರ್ಡ್ ಆಗಿ ಕಂಪ್ಯೂಟರಿನಲ್ಲಿ ಜೋಡಣೆಯಾಗುತ್ತವೆ. ಇಲ್ಲಿ ಎಲ್ಲರೂ ಒಟ್ಟಿಗೆ ನಿಂತು ನುಡಿಸಿದರು. ಡ್ರಮ್ಸಿನ ಸದ್ದು ಹಾಡುವವನ ಮೈಕಿಗೂ ಸೋರುತ್ತದೆ, ಸ್ಯಾಕ್ಸೋಫೋನಿನ ಉಸಿರು ಗಿಟಾರಿನ ಮೈಕಿಗೂ ಬೀಳುತ್ತದೆ. ತಪ್ಪಾದರೆ ಒಬ್ಬರದನ್ನು ಮಾತ್ರ ತಿದ್ದಲಾಗದು, ಎಲ್ಲರೂ ಮತ್ತೆ ಶುರುಮಾಡಬೇಕು. ಹಳೆಯ ರೆಕಾರ್ಡುಗಳಲ್ಲಿ ನಾವು ಮೆಚ್ಚುವ ಆ ಬೆಚ್ಚನೆಯ ಗುಣದ ಬಹುಪಾಲು ಈ ಸೋರಿಕೆಯದೇ ಎಂದು ಧ್ವನಿಮುದ್ರಣ ಬಲ್ಲವರು ಹೇಳುತ್ತಾರೆ. ಪಾತ್ರೆ ತೊಳೆಯುತ್ತಿದ್ದವನ ಈ ಆಲ್ಬಮ್ ಮೊದಲ ವಾರವೇ ಬಿಲ್‌ಬೋರ್ಡ್ 200 ಪಟ್ಟಿಯ ಆರನೇ ಸ್ಥಾನಕ್ಕೆ ಬಂದು ಕೂತಿತು.

ಒಟ್ಟಾರೆ ವಿಮರ್ಶೆಗಳು ಅನುಕೂಲವಾಗಿಯೇ ಇದ್ದವು. ಕಂಠದ ಬಗ್ಗೆ ಯಾರದೂ ತಕರಾರಿಲ್ಲ. ಒತ್ತಿ ಹಾಡದೆ, ಸ್ವರದ ಅಂಚಿನಲ್ಲಿ ಸಣ್ಣ ಬಳುಕು ಕೊಟ್ಟು ಬಿಟ್ಟುಬಿಡುವ ಅವರ ಸಂಯಮವನ್ನು ಎಲ್ಲರೂ ಮೆಚ್ಚಿದರು. ಧ್ವನಿಮುದ್ರಣದ ಕುಸುರಿಗೂ ಒಳ್ಳೆಯ ಮಾತು ಬಂತು. ತಕರಾರು ಶುರುವಾದದ್ದು ಆಮೇಲೆ. ಒಂದು ಗುಂಪು ಹೇಳಿತು: ಎಲ್ಲವೂ ಅತಿ ಅಚ್ಚುಕಟ್ಟು. ಸೂಟು, ಕೂದಲು, ಕಪ್ಪುಬಿಳುಪು ಚಿತ್ರಗಳು, ಹಿಮ್ಮೇಳದವರ ಊ-ಊ ಸಹ ಆ ಕಾಲದ್ದೇ. ಹಾಗಾದರೆ 2015ರ ಹುಡುಗ ಇದರಲ್ಲಿ ಎಲ್ಲಿದ್ದಾನೆ? ಇನ್ನೊಂದು ಗುಂಪಿನ ಮಾತು ಇನ್ನೂ ಹರಿತ: ಅರವತ್ತರ ದಶಕದ ಕಪ್ಪು ಸಂಗೀತವನ್ನು ಅರವತ್ತರ ದಶಕದ ಕಪ್ಪು ಬದುಕಿನಿಂದ ಬಿಡಿಸಿ, ಕಾಫಿ ಅಂಗಡಿಗಳಲ್ಲಿ ಹಿತವಾಗಿ ಕೇಳುವ ಹಾಗೆ ಮಾಡಿದ್ದಾರೆ.

ಈ ಎರಡನೆಯ ತಕರಾರು ಹುಟ್ಟಿದ್ದು ಆ ವರ್ಷದ ಬೇಗೆಯಲ್ಲಿ. 2014ರ ಡಿಸೆಂಬರಿನಲ್ಲಿ ಡಿ'ಏಂಜಲೊ ಅವರ 'ಬ್ಲ್ಯಾಕ್ ಮೆಸಾಯ', 2015ರ ಮಾರ್ಚಿನಲ್ಲಿ ಕೆಂಡ್ರಿಕ್ ಲಮಾರ್ ಅವರ 'ಟು ಪಿಂಪ್ ಎ ಬಟರ್‌ಫ್ಲೈ' ಬಂದಿದ್ದವು. ಎರಡೂ ಬೀದಿಯ ಸಿಟ್ಟನ್ನು ಹೊತ್ತ ಆಲ್ಬಮ್‌ಗಳು. ಏಪ್ರಿಲಿನಲ್ಲಿ ಪೊಲೀಸ್ ವಶದಲ್ಲಿ ಗಾಯಗೊಂಡ ಕಪ್ಪು ಯುವಕನ ಸಾವಿನಿಂದ ಬಾಲ್ಟಿಮೋರ್ ಹೊತ್ತಿ ಉರಿದಿತ್ತು. ಜೂನ್ 17ರಂದು ಚಾರ್ಲ್ಸ್‌ಟನ್ನಿನ ಚರ್ಚಿನಲ್ಲಿ ಬಿಳಿಯ ಜನಾಂಗದ್ವೇಷಿಯೊಬ್ಬ ಒಂಬತ್ತು ಮಂದಿ ಕಪ್ಪು ಭಕ್ತರನ್ನು ಗುಂಡಿಟ್ಟು ಕೊಂದ. ಅದಾದ ಆರನೇ ದಿನ 'ಕಮಿಂಗ್ ಹೋಮ್' ಅಂಗಡಿಗೆ ಬಂತು, ಪ್ರೀತಿ, ವಿರಹ, ಅಮ್ಮ, ಅಜ್ಜ-ಅಜ್ಜಿಯರ ಕಥೆ ಹೇಳುತ್ತ. ಬಿಡುಗಡೆಯ ದಿನ ತಿಂಗಳುಗಳ ಮೊದಲೇ ನಿಗದಿಯಾಗಿರುತ್ತದೆ, ಗಾಯಕನನ್ನು ಅದಕ್ಕೆ ದೂರುವುದು ಅನ್ಯಾಯ. ಆದರೂ ಕಿವಿಗೆ ಅದು ಅಂದು ಹೇಗೆ ಕೇಳಿಸಿರಬಹುದೆಂದು ಊಹಿಸಬಹುದು.

ಇಲ್ಲೊಂದು ತಮಾಷೆಯಿದೆ. ಡಿ'ಏಂಜಲೊ ಕೂಡ ತಮ್ಮ ಆಲ್ಬಮ್ಮನ್ನು ಮಾಡಿದ್ದು ಟೇಪಿನ ಮೇಲೆ, ಹಳೆಯ ಸಲಕರಣೆಗಳಲ್ಲಿ, ಕಂಪ್ಯೂಟರಿನ ಹಂಗಿಲ್ಲದೆ. ಅವರನ್ನು ಯಾರೂ ರೆಟ್ರೋ ಎನ್ನಲಿಲ್ಲ. ಮರುವರ್ಷದ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ಆರ್ ಆ್ಯಂಡ್ ಬಿ ಆಲ್ಬಮ್ ವಿಭಾಗದಲ್ಲಿ ಇಬ್ಬರೂ ಎದುರಾದರು, ಗೆದ್ದದ್ದು 'ಬ್ಲ್ಯಾಕ್ ಮೆಸಾಯ'. ಹಾಗಾದರೆ ಸಲಕರಣೆಯ ವಯಸ್ಸಿಗೂ ಹಾಡಿನ ವಯಸ್ಸಿಗೂ ಸಂಬಂಧವಿಲ್ಲವೆಂದಾಯಿತು. ಹಳೆಯ ಮೈಕಿನ ಮುಂದೆ ನಿಂತವನು ಇವತ್ತಿನ ಸಿಟ್ಟನ್ನು ಹಾಡಬಲ್ಲ, ಹೊಚ್ಚಹೊಸ ಲ್ಯಾಪ್‌ಟಾಪಿನಲ್ಲಿ ತೀರ ಹಳಸಲು ಹಾಡನ್ನೂ ಮಾಡಬಹುದು.

ಚೊಚ್ಚಲ ಆಲ್ಬಮ್‌ಗಳ ವಿಮರ್ಶೆಯಲ್ಲಿ ಇನ್ನೊಂದು ಅಳತೆಗೋಲು ಸದ್ದಿಲ್ಲದೆ ಕೆಲಸ ಮಾಡುತ್ತದೆ: ಹಾಡುವವನು ಎಷ್ಟು ನೊಂದಿದ್ದಾನೆ? ಬ್ರಿಜಸ್‌ಗಿಂತ ಮೊದಲು ಇದೇ ದಾರಿಯಲ್ಲಿ ಬಂದ ಇಬ್ಬರನ್ನು ನೋಡಿದರೆ ಇದು ತಿಳಿಯುತ್ತದೆ. ಶರಾನ್ ಜೋನ್ಸ್ ಅವರ ಮೊದಲ ಆಲ್ಬಮ್ ಬಂದದ್ದು 2002ರಲ್ಲಿ, ಅವರಿಗೆ 46 ವಯಸ್ಸಾದಾಗ. ಅದಕ್ಕೂ ಮೊದಲು ನ್ಯೂಯಾರ್ಕಿನ ರೈಕರ್ಸ್ ಐಲೆಂಡ್ ಜೈಲಿನಲ್ಲಿ ಕಾವಲು ಕೆಲಸ, ಹಣ ಸಾಗಿಸುವ ಗಾಡಿಯ ಕಾವಲು ಕೆಲಸ ಮಾಡಿದ್ದರು. ಕುಳ್ಳಿ, ದಪ್ಪ, ಕಪ್ಪು, ವಯಸ್ಸಾಯಿತು ಎಂದು ಸಂಗೀತೋದ್ಯಮ ಅವರನ್ನು ತಳ್ಳಿಹಾಕಿತ್ತು. ಅವರ ಹಿಂದೆ ನುಡಿಸುತ್ತಿದ್ದ ಡ್ಯಾಪ್-ಕಿಂಗ್ಸ್ ವಾದ್ಯಗಾರರನ್ನು ಎರವಲು ಪಡೆದು ನಿರ್ಮಾಪಕ ಮಾರ್ಕ್ ರಾನ್ಸನ್ 2006ರಲ್ಲಿ ಏಮಿ ವೈನ್‌ಹೌಸ್ ಅವರ 'ಬ್ಯಾಕ್ ಟು ಬ್ಲ್ಯಾಕ್' ಆಲ್ಬಮ್ಮಿನ ಹಲವು ಹಾಡುಗಳನ್ನು ಮಾಡಿದರು. ಆ ಇಂಗ್ಲಿಷ್ ಹುಡುಗಿಗೆ ಐದು ಗ್ರ್ಯಾಮಿ ಬಂತು, ಶರಾನ್ ಜೋನ್ಸ್‌ಗೆ ಬದುಕಿರುವವರೆಗೂ ಒಂದೂ ಬರಲಿಲ್ಲ. ರೆಟ್ರೋ ಎಂಬ ಮಾತೆತ್ತಿದರೆ ಜೋನ್ಸ್ ಸಿಡುಕುತ್ತಿದ್ದರು. ತಾನು ಆ ಕಾಲದಲ್ಲೇ ಹುಟ್ಟಿದವಳು, ಹಾಡುತ್ತಿರುವುದು ತನ್ನದೇ ಸಂಗೀತ, ಇದರಲ್ಲಿ ಮರಳಿ ತರುವುದೇನಿದೆ ಎಂಬುದು ಅವರ ವಾದ.

ಚಾರ್ಲ್ಸ್ ಬ್ರ್ಯಾಡ್ಲಿ ಅವರದು ಇನ್ನೂ ವಿಚಿತ್ರ. ನಮ್ಮ ಆರ್ಕೆಸ್ಟ್ರಾಗಳಲ್ಲಿ ಜೂನಿಯರ್ ರಾಜ್‌ಕುಮಾರ್‌ಗಳಿರುವ ಹಾಗೆ ಅವರು ವರ್ಷಗಟ್ಟಲೆ ಸೋಲ್ ಗಾಯಕ ಜೇಮ್ಸ್ ಬ್ರೌನ್ ವೇಷ ಹಾಕಿ, 'ಬ್ಲ್ಯಾಕ್ ವೆಲ್ವೆಟ್' ಎಂಬ ಹೆಸರಿನಲ್ಲಿ ಕ್ಲಬ್ಬುಗಳಲ್ಲಿ ಹಾಡಿ ಕುಣಿದವರು. ಅದಕ್ಕೂ ಮೊದಲು ಮನೆ ಬಿಟ್ಟು ನ್ಯೂಯಾರ್ಕಿನ ಸುರಂಗ ರೈಲುಗಳಲ್ಲಿ ಮಲಗಿದ್ದುಂಟು, ಅಡುಗೆ ಕೆಲಸ ಮಾಡುತ್ತ ಊರೂರು ಅಲೆದದ್ದುಂಟು. ಸ್ವಂತ ಹೆಸರಿನ ಮೊದಲ ಆಲ್ಬಮ್ 'ನೋ ಟೈಮ್ ಫಾರ್ ಡ್ರೀಮಿಂಗ್' ಬಂದಾಗ ಅವರಿಗೆ 62, ವರ್ಷ 2011. ಅನುಕರಣೆಯನ್ನೇ ವೃತ್ತಿ ಮಾಡಿಕೊಂಡಿದ್ದ ಈ ಮನುಷ್ಯನನ್ನು ನಕಲು ಎಂದು ತಳ್ಳಿದ ವಿಮರ್ಶಕರು ಅಪರೂಪ. ಹತನಾದ ಸಹೋದರನ ನೆನಪನ್ನು, ಬೀದಿಯ ಬದುಕನ್ನು ಆ ಕಿತ್ತುಹೋದ ಗಂಟಲಲ್ಲಿ ಕೇಳಿದವರಿಗೆ ನಕಲು ಎನ್ನಲು ನಾಲಿಗೆ ಬರಲಿಲ್ಲ.

ಬರಬೇಕಾಗಿಯೂ ಇರಲಿಲ್ಲ, ಬ್ರ್ಯಾಡ್ಲಿ ದೊಡ್ಡ ಗಾಯಕರೇ. ಆದರೆ ಮೂವರ ವಿಮರ್ಶೆಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಒಂದು ಅನುಮಾನ ಬರುತ್ತದೆ. ವಯಸ್ಸಾದ, ನೊಂದ, ತಡವಾಗಿ ಬೆಳಕು ಕಂಡ ಕಲಾವಿದರಿಗೆ ಹಳೆಯ ನಾದ ಸ್ವಂತದ್ದು. ಇಪ್ಪತ್ತೈದರ, ಸೌಮ್ಯ ಸ್ವಭಾವದ, ದೇವರಲ್ಲಿ ನಂಬಿಕೆಯಿರುವ ಹುಡುಗನಿಗೆ ಅದೇ ನಾದ ವೇಷಭೂಷಣ. ಕಪ್ಪು ಗಾಯಕನೆಂದರೆ ಅವನ ಹಾಡಿಗೆ ಗಾಯದ ಗುರುತಿರಲೇಬೇಕು ಎಂಬ ಈ ನಿರೀಕ್ಷೆಯಲ್ಲಿ ನನಗೆ ಒಂದು ಬಗೆಯ ಕ್ರೌರ್ಯ ಕಾಣುತ್ತದೆ. ತಾಯಿಯನ್ನು ಹಾಡುವ ಮಗನಿಗೆ ನಿನ್ನ ಸಂಕಟದ ದಾಖಲೆ ತೋರಿಸು ಎನ್ನುವುದು ಯಾವ ನ್ಯಾಯ?

ಹಾಗೆಂದು ಬ್ರಿಜಸ್ ಅವರನ್ನು ಪೂರ್ತಿ ವಹಿಸಿಕೊಳ್ಳಲೂ ಆಗುವುದಿಲ್ಲ. ಆಲ್ಬಮ್ಮಿನಲ್ಲಿ ಕೊರತೆ ಇದೆ, ಅದು ಅನುಕರಣೆಯದಲ್ಲ, ಆಯ್ಕೆಯದು. ಸ್ಯಾಮ್ ಕುಕ್ ಅವರಿಂದ ಅವರು ತೆಗೆದುಕೊಂಡದ್ದು ಸಂಭಾವಿತ ಅರ್ಧವನ್ನು. ಕುಕ್ ಅವರ ನಯ ಸುಮ್ಮನೆ ಬಂದದ್ದಲ್ಲ. ಬಿಳಿಯರ ಕ್ಲಬ್ಬು, ಟಿವಿ, ರೇಡಿಯೋಗಳ ಬಾಗಿಲು ತೆರೆಸಲು ಅವರು ಬಳಸಿದ ಕೀಲಿಕೈ ಅದು. ಅದರ ಹಿಂದೆ ಹಾರ್ಲೆಮ್ ಸ್ಕ್ವೇರಿನ ಒರಟು ಗಂಟಲಿತ್ತು, ಲೂಯಿಸಿಯಾನದ ಹೋಟೆಲಿನಲ್ಲಿ ಕೋಣೆ ಕೊಡದೆ ಕಳಿಸಿದ ಅವಮಾನವಿತ್ತು, ಅದಾದ ಮೇಲೆ ಬರೆದು 1964ರಲ್ಲಿ ಹೊರತಂದ 'ಎ ಚೇಂಜ್ ಈಸ್ ಗಾನ ಕಮ್' ಇತ್ತು. ಒಳಗೆ ಏನೋ ಅದುಮಿಟ್ಟಿದ್ದಾರೆ ಎಂಬ ಅರಿವಿನಿಂದಲೇ ಕುಕ್ ಅವರ ಮೆಲುದನಿಗೆ ತೂಕ. 'ಬೆಟರ್ ಮ್ಯಾನ್', 'ಬ್ರೌನ್ ಸ್ಕಿನ್ ಗರ್ಲ್', 'ಫ್ಲವರ್ಸ್' ಹಾಡುಗಳಲ್ಲಿ ಬ್ರಿಜಸ್ ಆ ಮೆಲುದನಿಯನ್ನು ಸೊಗಸಾಗಿ ಹಿಡಿಯುತ್ತಾರೆ, ಆದರೆ ಅದರ ಅಡಿಯಲ್ಲಿ ಅದುಮಿಟ್ಟದ್ದು ಏನೂ ಇದ್ದಂತೆ ಕಾಣುವುದಿಲ್ಲ. ಕೇಳಲು ಹಿತ. ಕೇಳಿ ಮುಗಿಸಿದ ಮೇಲೆ ಒಂದರ ರಾಗ ಇನ್ನೊಂದರೊಳಗೆ ಬೆರೆತುಹೋಗುತ್ತದೆ.

'ಲೀಸಾ ಸಾಯರ್' ಬೇರೆ. ನ್ಯೂ ಓರ್ಲಿಯನ್ಸಿನಲ್ಲಿ ಹುಟ್ಟಿದ ತಾಯಿಯ ಬಾಲ್ಯ, ಬಡತನ, ಭಕ್ತಿಯನ್ನು ಅವಸರವಿಲ್ಲದ ನಡೆಯಲ್ಲಿ ಹೇಳುತ್ತ ಹೋಗುತ್ತದೆ. ಊರಿನ ಹೆಸರು, ಮನುಷ್ಯರ ಹೆಸರು ಬಂದ ತಕ್ಷಣ ಹಾಡಿಗೆ ನೆಲ ಸಿಗುತ್ತದೆ, ಆ ಕಾಲದ ಯಾರೂ ಬರೆಯಲಾಗದಿದ್ದ ಹಾಡಾಗುತ್ತದೆ.

ಕೊನೆಯದು 'ರಿವರ್'. ಡ್ರಮ್ಸ್ ಇಲ್ಲ, ಸ್ಯಾಕ್ಸೋಫೋನ್ ಇಲ್ಲ. ಒಂದು ಗಿಟಾರ್, ಒಂದು ಖಂಜಿರದಂಥ ಟ್ಯಾಂಬರಿನ್, ಹಿಮ್ಮೇಳಕ್ಕೆ ಹೆಣ್ಣುದನಿ. ನದಿಯಲ್ಲಿ ಮುಳುಗಿ ಹೊಸಬನಾಗಿ ಏಳುವ ಕ್ರೈಸ್ತ ಸಂಸ್ಕಾರದ ಚಿತ್ರ ಅದರ ಬೇರು, ಆದ್ದರಿಂದ ಸೋಲ್‌ಗಿಂತ ಗಾಸ್ಪೆಲ್‌ಗೇ ಅದು ಹತ್ತಿರ. ಅಲಂಕಾರವನ್ನೆಲ್ಲ ಕಳಚಿಟ್ಟ ಮೇಲೆ ಉಳಿದ ಕಂಠ ಯಾರನ್ನೂ ನೆನಪಿಸುವುದಿಲ್ಲ. ಆಲ್ಬಮ್ಮನ್ನು ಅಷ್ಟಾಗಿ ಮೆಚ್ಚದವರೂ ಈ ಹಾಡಿಗೆ ತಲೆಬಾಗಿದರು. ಮುಂದೆ ಅದರ ವಿಡಿಯೋವನ್ನು ಬಾಲ್ಟಿಮೋರಿನಲ್ಲೇ ಚಿತ್ರೀಕರಿಸಿದರು. ಗಲಭೆಯ ದೃಶ್ಯಗಳು, ಕೂಸನ್ನು ಎದೆಗವಚಿಕೊಂಡ ತಂದೆ, ಹೋಟೆಲ್ ಕೋಣೆಯೊಂದರಲ್ಲಿ ಗಿಟಾರ್ ಹಿಡಿದ ಗಾಯಕ. ವಿಮರ್ಶಕರು ಕೇಳಿದ್ದ 2015 ಅಲ್ಲಿತ್ತು. ಹಾಡು ಬದಲಾಗಿರಲಿಲ್ಲ, ಹಾಡಿನೊಳಗೆ ಅದಕ್ಕೆ ಮೊದಲಿನಿಂದಲೂ ಜಾಗವಿತ್ತು.

ಆ ತಕರಾರುಗಳು ಬ್ರಿಜಸ್ ಅವರ ಕಿವಿಗೂ ಬಿದ್ದವು. ತಮ್ಮ ಕಛೇರಿಗಳಲ್ಲಿ ಎದುರಿಗೆ ಬಹುಪಾಲು ಬಿಳಿ ಮುಖಗಳೇ ಕಾಣುತ್ತವೆ ಎಂಬುದನ್ನು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. 2018ರ 'ಗುಡ್ ಥಿಂಗ್' ಆಲ್ಬಮ್ಮಿನಲ್ಲಿ ಕೋಟು ಕಳಚಿ ತೊಂಬತ್ತರ ದಶಕದ ಆರ್ ಆ್ಯಂಡ್ ಬಿ ಕಡೆ ಹೊರಳಿದರು, ಅಂದರೆ ನಿಜವಾಗಿ ಬೆಳೆದ ಮನೆಗೆ. ಅದರ ಹಾಡೊಂದು ಸಾಂಪ್ರದಾಯಿಕ ಆರ್ ಆ್ಯಂಡ್ ಬಿ ಗಾಯನಕ್ಕೆ ಗ್ರ್ಯಾಮಿ ತಂದುಕೊಟ್ಟಿತು. 2020ರಲ್ಲಿ ಟೆಕ್ಸಾಸಿನವರೇ ಆದ ಖ್ರುಆಂಗ್‌ಬಿನ್ ತಂಡದ ಜೊತೆ 'ಟೆಕ್ಸಾಸ್ ಸನ್' ಮಾಡಿದರು. ಅದೇ ವರ್ಷ ಪೊಲೀಸರ ಕೈಯಲ್ಲಿ ನಡೆದ ಜಾರ್ಜ್ ಫ್ಲಾಯ್ಡ್ ಹತ್ಯೆಯ ಬೆನ್ನಿಗೆ ಬಿಡುಗಡೆಯಾದ 'ಸ್ವೀಟರ್' ಹಾಡಿನಲ್ಲಿ, ಸತ್ತವನ ಬಾಯಿಂದಲೇ ಮಾತಾಡಿಸುತ್ತ, ಮೊದಲ ಆಲ್ಬಮ್ಮಿನಲ್ಲಿ ಇಲ್ಲವೆಂದು ದೂರಿದ್ದನ್ನು ಹಾಡಿದರು. ದನಿ ಏರಿಸಲಿಲ್ಲ. ಅದುಮಿಟ್ಟ ದನಿಯ ತೂಕ ಅಷ್ಟು ಹೊತ್ತಿಗೆ ಅವರಿಗೂ ಸಿಕ್ಕಿತ್ತು.

ಇಷ್ಟಾದ ಮೇಲೆ 'ಕಮಿಂಗ್ ಹೋಮ್' ಬಗ್ಗೆ ನನ್ನ ತೀರ್ಪು: ಮೂರು ಒಳ್ಳೆಯ ಹಾಡು, ಒಂದು ದೊಡ್ಡ ಹಾಡು, ಉಳಿದವು ನಾಜೂಕಿನ ಅಭ್ಯಾಸ. ಚೊಚ್ಚಲ ಆಲ್ಬಮ್ಮಿಗೆ ಇದು ಕಡಿಮೆಯೇನಲ್ಲ. ಹೊಸದಾಗಿ ಕೇಳಹೊರಟವರು ಮೊದಲಿನಿಂದ ಶುರುಮಾಡಬೇಡಿ. ಹತ್ತನೆಯ ಹಾಡು 'ರಿವರ್' ಕೇಳಿ, ಆಮೇಲೆ 'ಲೀಸಾ ಸಾಯರ್'ಗೆ ಬನ್ನಿ, ಅದಾದ ಮೇಲೆ ಶೀರ್ಷಿಕೆಯ ಹಾಡು. ಇಷ್ಟವಾದರೆ ಉಳಿದ ಏಳಕ್ಕೆ ಅರ್ಧ ಗಂಟೆಯೂ ಬೇಡ.